ಮನೆಯ ಐಬು, ಊರಿನ ಬಾಯಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರು ಒಂದು ಕಲ್ಲಿನ ಕಂಬವಿದೆ. ಐದನೆಯ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನ ಅದರ ಮೇಲಿದೆ. ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ ಅವಮಾನಿತನಾದದ್ದು, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದದ್ದು, ಕೊನೆಗೆ ಅರಸನಾದದ್ದು ಎಲ್ಲವನ್ನೂ ಆ ಶಾಸನ ಹೇಳುತ್ತದೆ. ಶಾಲೆಯ ಪಾಠದಲ್ಲಿ ಈ ಕಥೆ ಓದದವರು ವಿರಳ. ಆದರೆ ಅದರಲ್ಲಿ ನಾವು ಅಷ್ಟಾಗಿ ಗಮನಿಸದ ಸಂಗತಿಯೊಂದಿದೆ. ಒಂದು ರಾಜವಂಶ ತನ್ನ ಮೂಲಪುರುಷನಿಗಾದ ಅವಮಾನವನ್ನು ಮುಚ್ಚಿಡದೆ, ನಾಲ್ಕು ಜನ ಓದಲೆಂದು ಕಲ್ಲಿನಲ್ಲಿ ಕೊರೆಸಿತು. ಗೆದ್ದ ಮೇಲೆ ಹಾಗೆ ಮಾಡುವುದು ಕಷ್ಟವಲ್ಲ. ಇನ್ನೂ ಸೋಲುತ್ತಲೇ ಇರುವವರ ಪಾಡು ಬೇರೆ. ಮಗ ಅಮಲಿಗೆ ಬಿದ್ದ ಮನೆಯವರು ಪಕ್ಕದ ಮನೆಗೂ ಕೇಳಿಸದಂತೆ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಗೆ ಬಾಗಿಲು ಹಾಕಿಕೊಳ್ಳುವುದು ಸರಿಯೇ? ಈ ಪ್ರಶ್ನೆಯನ್ನು ನಾವಿಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕೆಂದಿದ್ದೇವೆ.

ನಮ್ಮ ಸೀಮೆಯಲ್ಲಿ ಅಮಲು ಎಂದೊಡನೆ ನೆನಪಾಗುವುದು ಸಾರಾಯಿ. ದಿನದ ಕೂಲಿಯೆಲ್ಲ ಪ್ಯಾಕೆಟ್ ಸಾರಾಯಿಗೆ ಸುರಿದು ಹೋಗುತ್ತಿದ್ದುದನ್ನು ಕಂಡವರು ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆಗ ರಾಜ್ಯದ ಹಣಕಾಸು ಖಾತೆ ಇದ್ದದ್ದು ಶಿಕಾರಿಪುರದ ಶಾಸಕರಾಗಿದ್ದ ಬಿ.ಎಸ್. ಯಡಿಯೂರಪ್ಪನವರ ಬಳಿ. ನಿಷೇಧದಿಂದ ಕುಡಿತವೇನೂ ನಿಲ್ಲಲಿಲ್ಲ, ಕುಡಿಯುವವರು ಅಗ್ಗದ ವಿಸ್ಕಿ, ಬ್ರಾಂದಿಯ ಕಡೆ ತಿರುಗಿದರು ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು ಒಟ್ಟಾಗಿ ಸಾರಾಯಿ ಅಂಗಡಿಯ ಮುಂದೆ ಕೂರಲು ಸಾಧ್ಯವಾಯಿತು. ಯಾಕೆಂದರೆ ಕುಡುಕ ತನ್ನನ್ನು ತಾನೇ ಸಾರಿಕೊಳ್ಳುತ್ತಾನೆ. ಬೀದಿಯ ತುದಿಯಲ್ಲಿರುವಾಗಲೇ ಅವನ ನಡಿಗೆ ಹೇಳುತ್ತದೆ, ಹತ್ತಿರ ಬಂದರೆ ವಾಸನೆ ಹೇಳುತ್ತದೆ, ರಾತ್ರಿಯ ಕೂಗಾಟ ಉಳಿದದ್ದನ್ನು ಹೇಳುತ್ತದೆ. ಹತ್ತು ಮನೆಗಳ ಗುಟ್ಟೂ ಬಯಲಾಗಿದ್ದುದರಿಂದ ಹತ್ತು ಮನೆಗಳ ಹೆಂಗಸರು ಒಂದೇ ಕಡೆ ಕುಳಿತುಕೊಳ್ಳಲು ಯಾವ ಸಂಕೋಚವೂ ಇರಲಿಲ್ಲ.

ಅಫೀಮಿನ ಕುಲಕ್ಕೆ ಸೇರಿದ ಅಮಲುಗಳು ಹಾಗಲ್ಲ. ಗಸಗಸೆ ಗಿಡದ ಕಾಯಿಯ ಹಾಲಿನಿಂದ ಬರುವ ಅಫೀಮು, ಮಾರ್ಫಿನ್, ಕೊಡೀನ್, ಮಾರ್ಫಿನ್‌ನಿಂದ ತಯಾರಿಸುವ ಹೆರಾಯಿನ್, ಕಾರ್ಖಾನೆಗಳಲ್ಲಿ ತಯಾರಾಗುವ ಟ್ರಮಡಾಲ್, ಟಪೆಂಟಡಾಲ್ ಎಂಬ ನೋವಿನ ಮಾತ್ರೆಗಳು, ಇವೆಲ್ಲ ಒಂದೇ ಬಳಗದವು. ಮಾತ್ರೆ ನುಂಗಿದವನ ಬಾಯಿಂದ ವಾಸನೆ ಬರುವುದಿಲ್ಲ. ಅವನು ತೂರಾಡುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ಮೂಲೆಯಲ್ಲಿ ಕುಳಿತು ತೂಕಡಿಸುತ್ತಾನೆ. ಹುಡುಗ ಈಗೀಗ ಮೆತ್ತಗಾಗಿದ್ದಾನೆ, ಗೆಳೆಯರ ಸಹವಾಸ ಕಡಿಮೆ ಮಾಡಿದ್ದಾನೆ ಎಂದು ತಾಯಿ ಸಮಾಧಾನಪಟ್ಟುಕೊಂಡರೂ ಆಶ್ಚರ್ಯವಿಲ್ಲ.

ಇನ್ನೊಂದು ತೊಡಕೂ ಇದೆ. ಈ ಪದಾರ್ಥಗಳು ಎಷ್ಟೋ ಸಲ ಮನೆಯೊಳಕ್ಕೆ ಬರುವುದು ಔಷಧದ ವೇಷದಲ್ಲಿ. ಹೆರಾಯಿನ್ ಎಂಬ ಹೆಸರಿಟ್ಟು ಅದನ್ನು 1898ರಲ್ಲಿ ಮಾರುಕಟ್ಟೆಗೆ ತಂದದ್ದು ಜರ್ಮನಿಯ ಬೇಯರ್ ಕಂಪೆನಿ, ಅದೂ ಕೆಮ್ಮಿನ ಔಷಧವಾಗಿ. ಅಮೆರಿಕದ ಪರ್ಡ್ಯೂ ಕಂಪೆನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ತಂದು, ಇದರ ಚಟ ಹತ್ತುವುದು ಕಡಿಮೆ ಎಂದು ವೈದ್ಯರನ್ನು ನಂಬಿಸಿತು; 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು. ನಮ್ಮ ದೇಶದ ಕೈಯೂ ಸ್ವಚ್ಛವಾಗಿಲ್ಲ. ಟಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ಭಾರತದಿಂದ ಘಾನಾ, ನೈಜೀರಿಯಾದಂತಹ ದೇಶಗಳಿಗೆ ಹೋಗಿ ಅಲ್ಲಿನ ಬೀದಿಗಳಲ್ಲಿ ಅಮಲಾಗಿ ಮಾರಾಟವಾಗುತ್ತಿರುವುದನ್ನು ಬಿಬಿಸಿ ಬಯಲಿಗೆಳೆದ ನಂತರ, 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅವುಗಳ ತಯಾರಿಕೆ ಮತ್ತು ರಫ್ತಿಗೆ ತಡೆ ಹಾಕಿತು. ಹಾಗೆಂದು ಪದಾರ್ಥವನ್ನೇ ಶಪಿಸುವುದೂ ಸರಿಯಲ್ಲ. ಕ್ಯಾನ್ಸರ್‌ನ ಕೊನೆಯ ದಿನಗಳಲ್ಲಿ ನರಳುವವರಿಗೆ ಮಾರ್ಫಿನ್‌ನಷ್ಟು ನೆಮ್ಮದಿ ಕೊಡುವ ಔಷಧಗಳು ಕಡಿಮೆ. 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿಯಿಂದಾಗಿ ಅದು ಆಸ್ಪತ್ರೆಗಳಿಗೂ ಸಿಗುವುದು ದುಸ್ತರವಾಗಿ, 2014ರ ತಿದ್ದುಪಡಿಯವರೆಗೆ ಎಷ್ಟೋ ರೋಗಿಗಳು ನೋವಿನಲ್ಲೇ ಕಣ್ಣುಮುಚ್ಚಿದರು.

ದೆಹಲಿಯ ಏಮ್ಸ್ ಸಂಸ್ಥೆ ದೇಶದಾದ್ಯಂತ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಅಫೀಮು ಬಳಗದ ಪದಾರ್ಥಗಳನ್ನು ಬಳಸುವವರು ಸುಮಾರು 2.26 ಕೋಟಿ. ಅದರಲ್ಲಿ ದೊಡ್ಡ ಪಾಲು ಉತ್ತರಪ್ರದೇಶ, ಪಂಜಾಬ್, ಹರಿಯಾಣ, ದೆಹಲಿ, ಮಹಾರಾಷ್ಟ್ರದಂತಹ ರಾಜ್ಯಗಳದ್ದು. ಕರ್ನಾಟಕ ಮುಂಚೂಣಿಯಲ್ಲಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಇದು ಮನೆಮನೆಯ ಪಿಡುಗಾಗಿದೆ ಎಂದು ಹೇಳಿ ಯಾರನ್ನೂ ಬೆಚ್ಚಿಬೀಳಿಸುವ ಉದ್ದೇಶ ನಮಗಿಲ್ಲ. ಆದರೆ ಸಂಖ್ಯೆ ಕಡಿಮೆಯಿದ್ದಷ್ಟೂ ಆ ಮನೆಯ ಒಂಟಿತನ ಹೆಚ್ಚು. ಪಂಜಾಬಿನ ತಾಯಿಗೆ ತನ್ನಂಥವಳು ಅದೇ ಬೀದಿಯಲ್ಲಿ ಸಿಗಬಹುದು. ಇಲ್ಲಿನ ತಾಯಿಗೆ ಇಡೀ ಊರಿನಲ್ಲಿ ತಾನೊಬ್ಬಳೇ ಎನಿಸುತ್ತದೆ.

ಅಂಥ ಒಂದು ಮನೆಯೊಳಗೆ ಏನಾಗುತ್ತದೆ ಎಂಬುದನ್ನು ಕಲ್ಪಿಸಿಕೊಳ್ಳೋಣ. ಮೊದಮೊದಲು ಸಣ್ಣ ಪುಟ್ಟ ಹಣ ಕಾಣೆಯಾಗುತ್ತದೆ. ಹಿತ್ತಲಲ್ಲಿ ಒಣಗಿಸಿ ಚೀಲಕ್ಕೆ ತುಂಬಿದ ಅಡಿಕೆ ತೂಕಕ್ಕೆ ಹಾಕಿದಾಗ ಕಡಿಮೆ ಬರುತ್ತದೆ. ಮೊಬೈಲು ಬಸ್ಸಿನಲ್ಲಿ ಕಳೆದುಹೋಯಿತು ಎನ್ನುತ್ತಾನೆ ಮಗ. ಮಾತ್ರೆಯೋ ಪುಡಿಯೋ ಸಿಗದ ದಿನ ಅವನಿಗೆ ಮೂಗು ಸೋರುತ್ತದೆ, ಆಕಳಿಕೆ ಬರುತ್ತದೆ, ಮೈಯೆಲ್ಲ ನುಲಿಯುತ್ತದೆ, ಭೇದಿ ಶುರುವಾಗುತ್ತದೆ, ರಾತ್ರಿಯಿಡೀ ನಿದ್ದೆಯಿಲ್ಲ. ಜ್ವರವೆಂದು ತಾಯಿ ಕಷಾಯ ಕುದಿಸುತ್ತಾಳೆ. ಅಷ್ಟರಲ್ಲಿ ಅವನು ಹೇಗೋ ಐನೂರು ರೂಪಾಯಿ ಗಿಟ್ಟಿಸಿ ಹೊರಗೆ ಹೋಗಿಬರುತ್ತಾನೆ, ಒಂದೇ ಗಳಿಗೆಯಲ್ಲಿ ಗುಣವಾಗಿರುತ್ತಾನೆ. ನಿಜ ತಿಳಿದ ದಿನ ತಂದೆ ಹೊಡೆಯುತ್ತಾನೆ. ಆಮೇಲೆ ಆಣೆ ಹಾಕಿಸುತ್ತಾರೆ. ಆಣೆ ಮುರಿದಾಗ ಕೋಣೆಯಲ್ಲಿ ಕೂಡಿಹಾಕುತ್ತಾರೆ. ನರಳಾಟ ನೋಡಲಾಗದೆ ತಾಯಿಯೇ ಚಿಲಕ ತೆಗೆದು, ಇದೊಂದೇ ಸಲ ಎಂದು ಕೈಗೆ ಹಣ ಹಾಕುತ್ತಾಳೆ. ಆ ಹಣ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಕೊಡುವ ತಾಯಿಯನ್ನು ಹೊರಗೆ ನಿಂತು ದೂರುವುದು ಸುಲಭ. ಮಗ ಕಣ್ಣೆದುರು ನೆಲದ ಮೇಲೆ ಹೊರಳಾಡುವುದನ್ನು ಮೂರು ರಾತ್ರಿ ನೋಡಿದವರು ಮಾತ್ರ ಅವಳ ಬಗ್ಗೆ ಮಾತಾಡಲು ಅರ್ಹರು.

ಇಷ್ಟೆಲ್ಲದರ ನಡುವೆ ಮನೆಯವರ ಅರ್ಧ ಶಕ್ತಿ ಖರ್ಚಾಗುವುದು ಮುಚ್ಚಿಡುವುದರಲ್ಲೇ. ನೆಂಟರ ಮದುವೆಗೆ ಅವನನ್ನು ಕರೆದೊಯ್ಯುವುದಿಲ್ಲ. ಬಂದವರಿಗೆ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ ಎನ್ನುತ್ತಾರೆ. ತಂಗಿಗೆ ಗೆಳತಿಯರನ್ನು ಮನೆಗೆ ಕರೆಯಬೇಡ ಎಂದು ತಾಕೀತು. ಸುಳ್ಳು ಹೇಳಿ ಅಭ್ಯಾಸವೇ ಇರದ ಮನೆಯಲ್ಲಿ ಚಿಕ್ಕ ಮಕ್ಕಳೂ ಸುಳ್ಳು ಕಲಿಯುತ್ತಾರೆ. ಇನ್ನು, ಅವನು ವಾರವೋ ಹತ್ತು ದಿನವೋ ಬಿಟ್ಟಿದ್ದು ಮತ್ತೆ ಶುರು ಮಾಡಿದರೆ ಅಪಾಯ ಮೊದಲಿಗಿಂತ ಹೆಚ್ಚು. ಅಷ್ಟು ದಿನದಲ್ಲಿ ದೇಹ ತಾಳಿಕೊಳ್ಳುವ ಶಕ್ತಿ ಇಳಿದಿರುತ್ತದೆ; ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಇದನ್ನು ಹೇಳಬಲ್ಲವನು ವೈದ್ಯ. ಬಾಗಿಲು ಹಾಕಿಕೊಂಡ ಮನೆಗೆ ಅದನ್ನು ಹೇಳುವವರು ಯಾರು?

ನಮ್ಮ ನೀತಿಪಾಠಗಳೆಲ್ಲ ಮುಚ್ಚಿಡು ಎಂದೇ ಹೇಳುತ್ತವೆ. ಮನೆಯ ಗುಟ್ಟು ಬೀದಿಗೆ ಹಾಕಬಾರದು ಎಂಬುದು ಎಲ್ಲ ಜಾತಿ ಮತದವರೂ ಮಕ್ಕಳಿಗೆ ಕಲಿಸುವ ಪಾಠ. ಮುಸ್ಲಿಮ್ ಮನೆಗಳಲ್ಲಂತೂ ಅದಕ್ಕೆ ಧರ್ಮದ ಬಲವೂ ಇದೆ. ಇನ್ನೊಬ್ಬರ ಐಬನ್ನು ಮುಚ್ಚಿದವನ ಐಬನ್ನು ದೇವನು ಮುಚ್ಚುತ್ತಾನೆ ಎಂಬರ್ಥದ ಪ್ರವಾದಿ(ಸ) ಬೋಧನೆಯನ್ನು ನಾವೆಲ್ಲ ಕೇಳಿ ಬೆಳೆದವರು. ಇದು ಬಹಳ ದೊಡ್ಡ ಮೌಲ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಮುಚ್ಚಬೇಕಾದದ್ದು ಯಾರಿಂದ? ಹಂಗಿಸುವವರಿಂದ, ಆಡಿಕೊಳ್ಳುವವರಿಂದ. ಗಾಯಕ್ಕೆ ಬಟ್ಟೆ ಕಟ್ಟುವುದು ನೊಣ ಕೂರಬಾರದೆಂದು. ವೈದ್ಯ ಬಂದಾಗಲೂ ಬಿಚ್ಚಬಾರದೆಂದು ಯಾರೂ ಹೇಳುವುದಿಲ್ಲ.

ಪ್ರವಾದಿಯವರ(ಸ) ಜೀವನದಲ್ಲೇ ಇದಕ್ಕೆ ಉದಾಹರಣೆಗಳು ಸಿಗುತ್ತವೆ. ಫಾತಿಮಾ ಬಿಂತ್ ಕೈಸ್ ಎಂಬ ಮಹಿಳೆ ತನಗೆ ಬಂದ ಎರಡು ಸಂಬಂಧಗಳ ಬಗ್ಗೆ ಸಲಹೆ ಕೇಳಿದಾಗ ಅವರು ಇಬ್ಬರ ಕೊರತೆಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಒಬ್ಬರ ಬಳಿ ಹಣವಿಲ್ಲ, ಇನ್ನೊಬ್ಬರ ಕೈ ಸದಾ ಕೋಲಿನ ಮೇಲೆ. ಇಬ್ಬರೂ ಅವರ ಸಂಗಡಿಗರೇ ಆಗಿದ್ದರು. ಒಬ್ಬ ಹೆಣ್ಣಿನ ಬದುಕಿನ ಪ್ರಶ್ನೆ ಬಂದಾಗ ಸಂಗಡಿಗರ ಮರ್ಯಾದೆ ಹಿಂದೆ ಸರಿಯಿತು. ಇನ್ನೊಂದು ಸಂದರ್ಭ ಇದಕ್ಕಿಂತ ಮನಮುಟ್ಟುವಂಥದ್ದು. ಕುಡಿತದ ಚಟಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾಗುತ್ತಿದ್ದ ವ್ಯಕ್ತಿಯೊಬ್ಬನನ್ನು ಜನರಲ್ಲೊಬ್ಬರು ಶಪಿಸಿದಾಗ ಪ್ರವಾದಿಯವರು(ಸ) ಅದನ್ನು ತಡೆದರು. ಆತನಿಗೆ ದೇವನ ಮೇಲೂ ದೇವದೂತರ ಮೇಲೂ ಪ್ರೀತಿಯಿದೆ ಎಂದು ಜನರಿಗೆ ನೆನಪಿಸಿದರು. ತಪ್ಪನ್ನು ತಪ್ಪಲ್ಲ ಎಂದು ಅವರು ಹೇಳಲಿಲ್ಲ. ತಪ್ಪಿದವನನ್ನು ತಮ್ಮವನಲ್ಲ ಎನ್ನಲು ಒಪ್ಪಲಿಲ್ಲ.

ಆದರೆ ನಮ್ಮಲ್ಲಿ ನಡೆಯುವುದೇನು? ಮುಚ್ಚಬೇಕಾದ ಕಡೆ ಬಿಚ್ಚುತ್ತೇವೆ, ಬಿಚ್ಚಬೇಕಾದ ಕಡೆ ಮುಚ್ಚುತ್ತೇವೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಹಾಸ್ಯಕ್ಕೆಂದು ಹುಟ್ಟಿದ್ದು. ನಮ್ಮ ಹಿರಿಯರು ಅದರ ಎರಡನೆಯ ಅರ್ಧವನ್ನು ಮಾತ್ರ ಹಿಡಿದುಕೊಂಡು ಚಿಕಿತ್ಸೆಯಂತೆ ಬಳಸುತ್ತಾರೆ. 'ಒಂದು ಮದುವೆ ಮಾಡಿ, ಜವಾಬ್ದಾರಿ ಬಂದರೆ ತಾನಾಗಿ ಸರಿಹೋಗ್ತಾನೆ' ಎಂಬ ಮಾತು ಹಿಂದೂ ಮನೆಗಳಲ್ಲೂ ಮುಸ್ಲಿಮ್ ಮನೆಗಳಲ್ಲೂ ಕೇಳಿಬರುತ್ತದೆ. ದೂರದ ಊರಿನ ಬಡವರ ಮನೆಯ ಹುಡುಗಿಯನ್ನು ಹುಡುಕುತ್ತಾರೆ; ದೂರವಿದ್ದಷ್ಟೂ ವಿಚಾರಿಸುವವರು ಕಡಿಮೆ, ಬಡತನವಿದ್ದಷ್ಟೂ ಪ್ರಶ್ನೆ ಕಡಿಮೆ. ಆರು ತಿಂಗಳಲ್ಲಿ ಅವಳ ಬಳೆಗಳು ಒತ್ತೆಗೆ ಹೋಗಿರುತ್ತವೆ. ಅವಳು ತವರಿಗೆ ಹಿಂತಿರುಗಿದರೆ 'ಗಂಡನನ್ನು ಸಂಭಾಳಿಸಲಾಗದವಳು' ಎನ್ನುತ್ತಾರೆ. ಮೋಸ ಮಾಡಿದವರು ಹೊರಲಾರದ ಭಾರವನ್ನು ಮೋಸಹೋದವಳ ತಲೆಯ ಮೇಲೆ ಹೊರಿಸುವುದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ? ನಮ್ಮ ಅಭಿಪ್ರಾಯದಲ್ಲಿ ಇಂಥ ಮದುವೆಗೆ ತಿಳಿದೂ ಸಾಕ್ಷಿ ನಿಂತವರೆಲ್ಲ ಆ ಮೋಸದ ಪಾಲುದಾರರು.

ಗುಟ್ಟಿನ ಈ ಕಾಯಿಲೆ ನಮಗೆ ಮಾತ್ರ ಅಂಟಿದ್ದಲ್ಲ. ಅಮೆರಿಕದಲ್ಲಿ 2021ರ ಒಂದೇ ವರ್ಷದಲ್ಲಿ ಅಫೀಮು ಬಳಗದ ಪದಾರ್ಥಗಳಿಂದ ಸುಮಾರು 80 ಸಾವಿರ ಜನ ಸತ್ತರು. ಅಲ್ಲಿನ ಪತ್ರಿಕೆಗಳ ನಿಧನ ವಾರ್ತೆಗಳಲ್ಲಿ ಎಷ್ಟೋ ಯುವಕರು 'ಮನೆಯಲ್ಲಿ ಹಠಾತ್ತನೆ ತೀರಿಕೊಂಡರು' ಎಂದಷ್ಟೇ ಇರುತ್ತಿತ್ತು. ಕೆಲವು ವರ್ಷಗಳಿಂದೀಚೆಗೆ ಕೆಲವು ತಂದೆ ತಾಯಂದಿರು ಧೈರ್ಯ ಮಾಡಿ, ನಮ್ಮ ಮಗ ಹೆರಾಯಿನ್‌ನಿಂದ ಸತ್ತ ಎಂದು ಬರೆಸತೊಡಗಿದರು. ಆದರೆ ಅವರಿಗೆ ಬಾಯಿ ಬಂದದ್ದು ಮಗ ಹೋದ ಮೇಲೆ.

ಮಗ ಇರುವಾಗಲೇ ಬಾಯಿ ಬರಬೇಕಾದರೆ ಭಯ ಹೋಗಬೇಕು. ಭಯ ಎರಡು ಬಗೆಯದು. ಒಂದು ಪೊಲೀಸರದ್ದು. ಇದಕ್ಕೆ ಕಾನೂನಿನಲ್ಲೇ ಒಂದು ದಾರಿಯಿದೆ, ಬಹಳ ಜನರಿಗೆ ಗೊತ್ತಿಲ್ಲ. ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ಆರೋಪವಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿದರೆ ಅವನನ್ನು ಮೊಕದ್ದಮೆಗೆ ಗುರಿಪಡಿಸುವಂತಿಲ್ಲ; ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ವ್ಯಸನ ಬಿಡಿಸುತ್ತೇವೆಂದು ಬಡಿಗೆ ಹಿಡಿದು ಕೂತವರ ಬಳಿ ಮಕ್ಕಳನ್ನು ಬಿಟ್ಟುಬರುವ ತಂದೆ ತಾಯಂದಿರು ಇದನ್ನು ತಿಳಿದಿರಬೇಕು.

ಚಿಕಿತ್ಸೆಯ ಬಗ್ಗೆಯೂ ಒಂದು ಆಕ್ಷೇಪ ಕೇಳಿಬರುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಬುಪ್ರೆನಾರ್ಫಿನ್ ಕೂಡ ಅದೇ ಬಳಗದ ಔಷಧವಲ್ಲವೇ, ಒಂದು ಅಮಲು ಬಿಡಿಸಿ ಇನ್ನೊಂದು ಹಿಡಿಸುವುದು ಧರ್ಮವೇ ಎಂದು ಕೇಳುತ್ತಾರೆ. ಪ್ರಾಮಾಣಿಕ ಪ್ರಶ್ನೆಯೇ. ಆದರೆ ವೈದ್ಯರ ಉಸ್ತುವಾರಿಯಲ್ಲಿ ಅಳತೆಗೆ ತಕ್ಕಂತೆ ಕೊಡುವ ಆ ಔಷಧ ನರಳಾಟವನ್ನು, ಮತ್ತೆ ಬೇಕೆಂಬ ಹಪಾಹಪಿಯನ್ನು ತಡೆಯುತ್ತದೆ; ಮನುಷ್ಯ ಎದ್ದು ಕೆಲಸಕ್ಕೆ ಹೋಗುವಂತಾಗುತ್ತದೆ; ಸಾವುಗಳು ಕಡಿಮೆಯಾಗುತ್ತವೆ. ಪಂಜಾಬ್ 2017ರಿಂದ ಇದಕ್ಕಾಗಿಯೇ ಹೊರರೋಗಿ ಕೇಂದ್ರಗಳನ್ನು ತೆರೆಯಿತು. ಸಕ್ಕರೆ ಕಾಯಿಲೆಯವನು ದಿನಾ ಸೂಜಿ ಚುಚ್ಚಿಕೊಳ್ಳುವುದನ್ನು ನಾವು ಚಟ ಎನ್ನುವುದಿಲ್ಲ. ಆಣೆ ಪ್ರಮಾಣ, ನಮಾಝು, ಪೂಜೆ ಮನಸ್ಸಿಗೆ ಬಲ ಕೊಡುತ್ತವೆ, ನಿಜ. ಮೈಯ ನರಳಾಟಕ್ಕೆ ಔಷಧವೇ ಬೇಕು.

ಇನ್ನೊಂದು ಭಯ ಊರಿನ ಬಾಯಿಯದು. ಇದಕ್ಕೆ ಯಾವ ಕಲಮೂ ಇಲ್ಲ. ಕುಡಿತದ ವಿಷಯದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಈ ಭಯವನ್ನು ಒಂದಿಷ್ಟು ಮುರಿದಿವೆ. ಊರಿನ ಸಭಾಭವನದಲ್ಲೋ ಶಾಲೆಯಲ್ಲೋ ವಾರದ ಕಾಲ ಕುಡುಕರನ್ನು ಒಟ್ಟಿಗೆ ಇರಿಸಿಕೊಂಡು, ಮನೆಯವರನ್ನೂ ಕರೆಸಿ, ಕೊನೆಯ ದಿನ ಊರಿನವರೆದುರೇ ಗೌರವದಿಂದ ಬೀಳ್ಕೊಡುತ್ತಾರೆ. ಅದರ ವಿಧಾನದ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಬಿಟ್ಟವರಲ್ಲಿ ಮತ್ತೆ ಹಿಡಿದವರೂ ಇರಬಹುದು. ಆದರೆ ಕುಡುಕನ ಹೆಂಡತಿ ಅಲ್ಲಿ ತಲೆ ತಗ್ಗಿಸದೆ ಕೂರುತ್ತಾಳೆ. ನಮ್ಮ ಜಮಾಅತ್‌ಗಳು ಇಂಥದ್ದೇನನ್ನಾದರೂ ಮಾಡಬಹುದೇ? ಖುತ್ಬಾಗಳಲ್ಲಿ ಅಮಲಿನ ವಿರುದ್ಧ ಕಟುವಾದ ಮಾತು ಬರುತ್ತದೆ, ಬರಬೇಕಾದದ್ದೇ. ಆ ಮಾತು ಕೇಳುತ್ತ ಹಿಂದಿನ ಸಾಲಿನಲ್ಲಿ ಕುಗ್ಗಿ ಕುಳಿತ ತಂದೆಯ ಬಳಿಗೆ ನಮಾಝ್ ಮುಗಿದ ಮೇಲೆ ಯಾರು ಹೋಗುತ್ತಾರೆ? ಕೆಲವೆಡೆ ಅಂಥ ಮನೆಯ ನಿಕಾಹ್‌ಗೆ ಹೋಗಬಾರದೆಂಬ ಕಟ್ಟಳೆಯ ಮಾತೂ ಕೇಳುತ್ತದೆ. ಮಾರುವವನಿಗೆ ಹಾಕಬೇಕಾದ ಬಹಿಷ್ಕಾರವನ್ನು ರೋಗಿಯ ಮನೆಗೆ ಹಾಕಿದರೆ ಆ ಮನೆಯ ಬಾಗಿಲು ಇನ್ನಷ್ಟು ಬಿಗಿಯಾಗುತ್ತದೆ, ಮಾರುವವನ ವ್ಯಾಪಾರ ಇನ್ನಷ್ಟು ಸಲೀಸಾಗುತ್ತದೆ.

ತಾಳಗುಂದದ ಪಕ್ಕದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಎಂಬ ಕಾಳಾಮುಖ ಮಠವಿತ್ತು. ಅಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು 1162ರ ಶಾಸನವೊಂದು ಉದ್ದಕ್ಕೂ ಹೇಳುತ್ತದೆ. ವೇದ, ವ್ಯಾಕರಣ, ತರ್ಕಗಳ ಪಾಠದ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರಿಗೆ ಅಲ್ಲಿ ಊಟವಿತ್ತು. ನಾನಾ ರೋಗಗಳಿಂದ ಬಳಲುವವರಿಗೆ ಚಿಕಿತ್ಸೆಯಿತ್ತು. ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಅದು ಎಂದು ಶಾಸನ ಹೊಗಳುತ್ತದೆ. ಹೊಗಳಿಕೆಯಲ್ಲಿ ಒಂದಷ್ಟು ಉತ್ಪ್ರೇಕ್ಷೆ ಇದ್ದೀತು. ಆದರೂ ಚಿಕಿತ್ಸೆಯನ್ನೂ ಅಭಯವನ್ನೂ ಒಂದೇ ಉಸಿರಿನಲ್ಲಿ ಹೇಳಬೇಕೆಂದು ಎಂಟುನೂರು ವರ್ಷಗಳ ಹಿಂದೆ ಈ ಮಣ್ಣಿನವರಿಗೆ ಹೊಳೆದಿತ್ತು.

ಈಗ ಅಂಥ ಜಾಗಗಳು ಇಲ್ಲವೆಂದಲ್ಲ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಯೋಜನೆಗೆ ಮಾದರಿಯಾದದ್ದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಹೆಸರು ಹೇಳದೆಯೂ ಮಾತಾಡಬಹುದಾದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ, ಮಾನಸಿಕ ಆರೋಗ್ಯಕ್ಕೆ 14416 ಇದೆ. ಸೌಲಭ್ಯ ಸಾಲದು ಎಂಬುದು ನಿಜ. ಆದರೆ ಅದೇ ಏಮ್ಸ್ ಸಮೀಕ್ಷೆಯಲ್ಲಿ ಮದ್ಯದ ಚಟಕ್ಕೆ ಸಿಲುಕಿದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದ್ದು ಕಂಡುಬಂದಿತು. ಇದಕ್ಕೆಲ್ಲ ಆಸ್ಪತ್ರೆಯ ಕೊರತೆಯೊಂದೇ ಕಾರಣವಾಗಿರಲಾರದು. ಕೆಲವರು ಆಸ್ಪತ್ರೆಯ ಗೇಟಿನವರೆಗೆ ಬಂದು, ಪರಿಚಯದ ಮುಖ ಕಂಡು ಹಿಂತಿರುಗಿದವರೂ ಇರಬೇಕು.

ಹಾಗೆ ಹಿಂತಿರುಗುವ ತಾಯಿಯ ಮನಸ್ಸನ್ನು ಸ್ವಲ್ಪ ಕೆದಕಿದರೆ ಅಲ್ಲಿ ಸಿಗುವುದು ಮಗನಲ್ಲ, ಮಗಳು. ಮಗನಂತೂ ಕೆಟ್ಟ, ವಿಷಯ ಹೊರಬಿದ್ದರೆ ಮಗಳಿಗೆ ಗಂಡು ಸಿಗುವುದಿಲ್ಲ ಎಂಬ ಲೆಕ್ಕ ಅವಳದು. ಆ ಲೆಕ್ಕ ತಪ್ಪೆಂದು ಹೇಳುವ ಧೈರ್ಯ ನಮಗಿಲ್ಲ, ಏಕೆಂದರೆ ಆ ಲೆಕ್ಕದ ಅಂಕಿಗಳನ್ನು ಕೊಟ್ಟವರು ನಾವೇ. ಗಂಡಿನ ಕಡೆಯವರು ಹುಡುಗಿಯನ್ನು ನೋಡಿಹೋದ ಮೇಲೆ ಬೀದಿಯ ನಾಲ್ಕು ಮನೆಗಳಲ್ಲಿ 'ಮನೆತನ ಹೇಗೆ?' ಎಂದು ವಿಚಾರಿಸುತ್ತಾರೆ. ಫಾತಿಮಾ ಬಿಂತ್ ಕೈಸ್ ಅವರ ಪ್ರಸಂಗದಲ್ಲಿ ಬಯಲಾದದ್ದು ಮದುವೆಯಾಗಲು ಮುಂದೆ ಬಂದವರ ಕೊರತೆಯೇ ಹೊರತು ಅವರ ಅಣ್ಣ ತಮ್ಮಂದಿರದಲ್ಲ. ಮದುವೆಯಾಗುವ ಹುಡುಗನ ಅಮಲನ್ನು ಮುಚ್ಚಿಡುವ ನಾವು, ಹುಡುಗಿಯ ಅಣ್ಣನ ಅಮಲನ್ನು ಕೇಳುವ ಮೊದಲೇ ಹೇಳಿಬಿಡುತ್ತೇವೆ. ಆ ನಾಲ್ಕು ಮನೆಗಳಲ್ಲಿ ಹುಡುಗಿಯ ಓದು, ನಡತೆ, ಸ್ವಭಾವದ ಬಗ್ಗೆ ಇದ್ದದ್ದನ್ನು ಹೇಳಿ ಅಷ್ಟಕ್ಕೆ ನಿಲ್ಲಿಸುವವರು ಎಷ್ಟು ಮಂದಿ ಸಿಗುತ್ತಾರೆ ಎಂಬುದರ ಮೇಲೆ, ಆ ತಾಯಿ ಮುಂದಿನ ಮಂಗಳವಾರ ಮಗನನ್ನು ಕರೆದುಕೊಂಡು ಶಿಕಾರಿಪುರದ ಬಸ್ಸು ಹತ್ತುವುದು ನಿಂತಿದೆ.